ಕಾವಲು ಬಿಟ್ಟು ಪದಕ ಹಿಡಿದವರು

1905ರಲ್ಲಿ ಅಮೆರಿಕದ ‘ಲೇಡೀಸ್ ಹೋಮ್ ಜರ್ನಲ್’ ಎಂಬ ಮಹಿಳಾ ಮಾಸಿಕ ಒಂದು ಸಮಾಧಿ ಕಲ್ಲಿನ ಫೋಟೊ ಅಚ್ಚು ಹಾಕಿತು. ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಊರಿನ ಸ್ಮಶಾನದಲ್ಲಿದ್ದ ಆ ಕಲ್ಲಿನ ಮೇಲಿದ್ದ ಹೆಸರು ಲಿಡಿಯಾ ಪಿಂಕಮ್, ತೀರಿಕೊಂಡ ವರ್ಷ 1883. ಆದರೆ ಪಿಂಕಮ್ ಕಂಪನಿಯ ಟಾನಿಕ್ಕಿನ ಜಾಹೀರಾತುಗಳು ಅಷ್ಟು ವರ್ಷಗಳ ಮೇಲೂ ಹೆಂಗಸರನ್ನು ಕರೆಯುತ್ತಲೇ ಇದ್ದವು: ಗಂಡಸು ಡಾಕ್ಟರರ ಮುಂದೆ ಬಾಯಿ ಬಿಡಲಾಗದ ಕಾಯಿಲೆಗಳನ್ನು ಶ್ರೀಮತಿ ಪಿಂಕಮ್ ಅವರಿಗೆ ಕಾಗದ ಬರೆದು ತಿಳಿಸಿ ಎಂದು. ಹೆಂಗಸರು ಬರೆಯುತ್ತಿದ್ದರು, ಉತ್ತರಗಳೂ ಬರುತ್ತಿದ್ದವು. ಸತ್ತು ಇಪ್ಪತ್ತೆರಡು ವರ್ಷವಾದವರ ಹೆಸರಿನಲ್ಲಿ ನಡೆಯುತ್ತಿದ್ದ ಈ ವ್ಯವಹಾರವನ್ನು ಬಯಲಿಗೆಳೆದ ಸಂಪಾದಕ ಎಡ್ವರ್ಡ್ ಬಾಕ್. 1892ರಲ್ಲೇ ತನ್ನ ಪತ್ರಿಕೆಯಲ್ಲಿ ಇಂಥ ಪೇಟೆಂಟ್ ಔಷಧಗಳ ಜಾಹೀರಾತು ಹಾಕುವುದಿಲ್ಲ ಎಂದು ಸಾರಿ, ದೊಡ್ಡ ಆದಾಯವನ್ನು ಕೈಯಾರೆ ಬಿಟ್ಟವನು ಆತ. ಜಾಹೀರಾತು ಕಸುಬಿನವರ ಕ್ಲಬ್ಬುಗಳ ಚರಿತ್ರೆಯನ್ನು ಈ ಸಮಾಧಿ ಕಲ್ಲಿನಿಂದ ಶುರು ಮಾಡುವುದಕ್ಕೆ ಕಾರಣವಿದೆ. ಇವತ್ತು ಆಡ್ ಕ್ಲಬ್ ಎಂದರೆ ಪ್ರಶಸ್ತಿ ಪ್ರದಾನದ ರಾತ್ರಿ, ವೇದಿಕೆ, ಟ್ರೋಫಿ, ಊಟ. ಆದರೆ ಈ ಕ್ಲಬ್ಬುಗಳು ಹೆಸರು ಮಾಡಿದ್ದು ಟ್ರೋಫಿ ಹಂಚಿ ಅಲ್ಲ. ತಮ್ಮದೇ ಊರಿನ ಸುಳ್ಳು ಜಾಹೀರಾತುಗಳನ್ನು ಹಿಡಿದು, ಬೇಕಾದರೆ ಕೋರ್ಟಿಗೂ ಎಳೆದು ಅವು ಹೆಸರು ಮಾಡಿದವು. ಕಾವಲು ಮತ್ತು ಪುರಸ್ಕಾರ ಎಂಬ ಈ ಎರಡು ಕೆಲಸಗಳು ಬೇರೆಯಾದದ್ದರಿಂದ ಓದುಗನಿಗೆ ನಷ್ಟವಾಯಿತು ಎನ್ನುವುದು ಸುಲಭ. ಪ್ರಶಸ್ತಿಗೂ ಅಷ್ಟೇ ನಷ್ಟವಾಯಿತು ಎಂಬುದು ನನ್ನ ವಾದ. ಕಾವಲಿನಿಂದ ಕಳಚಿಕೊಂಡ ಮೇಲೆ ಪ್ರಶಸ್ತಿಯೇ ಸುಳ್ಳಿಗೆ ಕಣವಾಯಿತು.

ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಅಮೆರಿಕದ ನಗರಗಳಲ್ಲಿ ಜಾಹೀರಾತಿನವರು ಒಟ್ಟಿಗೆ ಕೂತು ಊಟ ಮಾಡುವ ಸಂಘಗಳು ಒಂದೊಂದಾಗಿ ಹುಟ್ಟಿಕೊಂಡವು. ಪತ್ರಿಕೆಗಳಲ್ಲಿ ಜಾಗ ಮಾರುವವರು, ಕಾಪಿ ಬರೆಯುವವರು, ಮುದ್ರಕರು, ದೊಡ್ಡ ಅಂಗಡಿಗಳ ಪ್ರಚಾರ ವಿಭಾಗದವರು ಅಲ್ಲಿ ಸೇರುತ್ತಿದ್ದರು. ಸಮಾಜದಲ್ಲಿ ಅವರಿಗೆ ಮರ್ಯಾದೆ ಕಡಿಮೆ. ವಕೀಲನಿಗೆ ಬಾರ್, ವೈದ್ಯನಿಗೆ ಪರೀಕ್ಷೆ ಮತ್ತು ಪ್ರಮಾಣ ಇದ್ದವು. ಜಾಹೀರಾತಿನವನು ಮಾತ್ರ ಸಂತೆಯಲ್ಲಿ ಹಾವಿನೆಣ್ಣೆ ಮಾರುವವನ ಅಣ್ಣತಮ್ಮ ಎಂಬ ಭಾವನೆ ಇತ್ತು, ಮತ್ತು ಅದು ಪೂರ್ತಿ ಅನ್ಯಾಯದ ಭಾವನೆಯೂ ಆಗಿರಲಿಲ್ಲ. ಪತ್ರಿಕೆಗಳ ಆದಾಯದಲ್ಲಿ ಪೇಟೆಂಟ್ ಔಷಧಗಳ ಪಾಲು ದೊಡ್ಡದಿತ್ತು. ಆ ಬಾಟಲಿಗಳೊಳಗೆ ಮದ್ಯಸಾರ, ಅಫೀಮು, ಕೊಕೇನ್ ಇರುತ್ತಿದ್ದವು. 1905ರಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ‘ಕಾಲಿಯರ್ಸ್’ ವಾರಪತ್ರಿಕೆಯಲ್ಲಿ ಈ ವ್ಯಾಪಾರವನ್ನು ಕುರಿತು ಬರೆದ ಲೇಖನಮಾಲೆ ದೇಶವನ್ನೇ ಕಲಕಿತು. ಮರುವರ್ಷ ಆಹಾರ ಮತ್ತು ಔಷಧಗಳ ಶುದ್ಧತೆಯ ಕಾಯಿದೆ ಬಂತು. ಆದರೆ ಆ ಕಾಯಿದೆಯ ಕೈ ಬಾಟಲಿಯ ಮೇಲಿನ ಚೀಟಿಯವರೆಗೆ ಮಾತ್ರ ಚಾಚುತ್ತಿತ್ತು. ಚೀಟಿಯ ಮೇಲೆ ಬರೆಯಲಾಗದ ಸುಳ್ಳನ್ನು ಪತ್ರಿಕೆಯ ಪುಟದಲ್ಲಿ ಧಾರಾಳವಾಗಿ ಬರೆಯಬಹುದಿತ್ತು. ಊರೂರಿನ ಜಾಹೀರಾತು ಕ್ಲಬ್ಬುಗಳು ಸೇರಿ ಒಂದು ರಾಷ್ಟ್ರೀಯ ಒಕ್ಕೂಟವಾದದ್ದು ಇದೇ 1905ರ ಸುಮಾರಿಗೆ. ಇಂದಿನ ಅಮೆರಿಕನ್ ಅಡ್ವರ್ಟೈಸಿಂಗ್ ಫೆಡರೇಶನ್ನಿನ ಮೂಲ ಅದು.

ಈ ಒಕ್ಕೂಟಕ್ಕೆ ದಿಕ್ಕು ತೋರಿಸಿದವರಲ್ಲಿ ಸ್ಯಾಮ್ಯುಯೆಲ್ ಡಾಬ್ಸ್ ಮುಖ್ಯ. ಕೊಕಾ-ಕೋಲಾ ಕಂಪನಿಯ ಮಾರಾಟ ಮತ್ತು ಪ್ರಚಾರದ ಹೊಣೆ ಹೊತ್ತಿದ್ದ ಆತ 1909ರಲ್ಲಿ ಒಕ್ಕೂಟದ ಅಧ್ಯಕ್ಷನಾಗಿ, ಜಾಹೀರಾತಿನಲ್ಲಿ ಸತ್ಯ ಇರಬೇಕು ಎಂದು ಊರೂರಿನ ಕ್ಲಬ್ಬುಗಳಲ್ಲಿ ಹೇಳುತ್ತ ತಿರುಗಿದ. 1911ರ ಬಾಸ್ಟನ್ ಸಮಾವೇಶದಲ್ಲಿ ಆ ಮಾತೇ ಚಳವಳಿಯ ಘೋಷಣೆಯಾಯಿತು. ಅದೇ ವರ್ಷ ‘ಪ್ರಿಂಟರ್ಸ್ ಇಂಕ್’ ಎಂಬ ಜಾಹೀರಾತು ಕಸುಬಿನ ಪತ್ರಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಸಂಪಾದಕ ಜಾನ್ ಇರ್ವಿಂಗ್ ರೋಮರ್, ಹ್ಯಾರಿ ನಿಮ್ಸ್ ಎಂಬ ವಕೀಲನಿಂದ ಒಂದು ಮಾದರಿ ಕಾಯಿದೆ ಬರೆಸಿ, ಇದನ್ನು ನಿಮ್ಮ ನಿಮ್ಮ ರಾಜ್ಯದ ಶಾಸನಸಭೆಗೆ ಒಯ್ಯಿರಿ ಎಂದು ಕ್ಲಬ್ಬುಗಳ ಕೈಗಿತ್ತ. ಅದರ ತಿರುಳು ಒಂದೇ ಅಂಶದಲ್ಲಿತ್ತು: ಸುಳ್ಳಾದ, ಮೋಸದ, ದಾರಿ ತಪ್ಪಿಸುವ ಜಾಹೀರಾತು ಹಾಕಿದವನು ಬೇಕೆಂದೇ ಹಾಕಿದನೋ, ತಿಳಿಯದೆ ಹಾಕಿದನೋ ಎಂದು ಸಾಬೀತು ಮಾಡುವ ಹೊರೆ ದೂರುದಾರನ ಮೇಲೆ ಇಲ್ಲ. ಹೇಳಿದ್ದು ಸುಳ್ಳಾಗಿದ್ದರೆ ಅದೇ ಅಪರಾಧ. ಮನಸ್ಸಿನೊಳಗಿನ ಉದ್ದೇಶವನ್ನು ಸಾಬೀತು ಮಾಡುವುದು ಎಷ್ಟು ಕಷ್ಟವೆಂದು ಕಸುಬಿನವರಿಗೆ ಗೊತ್ತಿದ್ದದ್ದರಿಂದಲೇ ಈ ಮಾತು ಹುಟ್ಟಿತು. 1913ರಲ್ಲಿ ಒಹಾಯೊ ರಾಜ್ಯ ಇದನ್ನು ಮೊದಲು ಅಂಗೀಕರಿಸಿತು. ಬೇರೆ ರಾಜ್ಯಗಳು ಹಿಂದೆಯೇ ಬಂದವು. ಅವುಗಳಲ್ಲಿ ಹಲವು ‘ಗೊತ್ತಿದ್ದೂ’ ಎಂಬ ಒಂದು ಪದ ಸೇರಿಸಿ ಕಾಯಿದೆಯ ಹಲ್ಲು ಕಿತ್ತವು. ತಮ್ಮ ಕಸುಬಿಗೆ ಕಠಿಣ ಕಾನೂನು ಬೇಕು ಎಂದು ಕಸುಬಿನವರೇ ಶಾಸನಸಭೆಯ ಬಾಗಿಲು ತಟ್ಟಿದ ಉದಾಹರಣೆ ವ್ಯಾಪಾರದ ಇತಿಹಾಸದಲ್ಲಿ ಅಪರೂಪ.

ಕಾಯಿದೆ ಇದ್ದರೆ ಸಾಲದು, ಅದನ್ನು ನಡೆಸುವ ಕೈ ಬೇಕು. ನ್ಯೂಯಾರ್ಕಿನ ಜಾಹೀರಾತಿನವರ ಕ್ಲಬ್ಬು ತನ್ನೊಳಗೆ ಒಂದು ಕಾವಲು ಸಮಿತಿ ಮಾಡಿಕೊಂಡಿತು, ಮಿನಿಯಾಪೊಲಿಸ್ ಮೊದಲಾದ ನಗರಗಳಲ್ಲಿಯೂ ಅಂಥವು ಎದ್ದವು. 1912ರಲ್ಲಿ ಒಕ್ಕೂಟವೇ ಒಂದು ರಾಷ್ಟ್ರೀಯ ಕಾವಲು ಸಮಿತಿಯನ್ನು ನೇಮಿಸಿತು. ಸಮಿತಿಯವರು ಊರಿನ ಪತ್ರಿಕೆ ಓದಿ, ಅಂಗಡಿಗೆ ಹೋಗಿ, ಗಿರಾಕಿಗಳಂತೆ ನಿಂತು ಮಾಲು ಕೊಂಡು, ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ತಾಳೆ ನೋಡುತ್ತಿದ್ದರು. ವರ್ಷಗಟ್ಟಲೆ ಮುಗಿಯದ ‘ಅಂಗಡಿ ಮುಚ್ಚುವ ಮಾರಾಟ’, ಯಾವತ್ತೂ ಇಲ್ಲದ ಹಳೆಯ ಬೆಲೆಯನ್ನು ಹೊಡೆದುಹಾಕಿ ತೋರಿಸುವ ರಿಯಾಯಿತಿ, ರೇಷ್ಮೆಯಲ್ಲದ ರೇಷ್ಮೆ, ಒಂದು ಪ್ರಾಣಿಯ ತುಪ್ಪಳಕ್ಕೆ ಇನ್ನೊಂದರ ಹೆಸರು, ಇವೆಲ್ಲ ಅವರ ದಿನನಿತ್ಯದ ಬೇಟೆ. ಮೊದಲು ಮಾತಿನಲ್ಲಿ ಹೇಳುವುದು, ಕೇಳದಿದ್ದರೆ ಪತ್ರಿಕೆಯವರಿಗೆ ಹೇಳಿ ಜಾಹೀರಾತು ನಿಲ್ಲಿಸುವುದು, ಅದಕ್ಕೂ ಬಗ್ಗದಿದ್ದರೆ ಕೋರ್ಟು. ಈ ಕೆಲಸ ಬೆಳೆದಂತೆ, ಹಗಲು ಏಜೆನ್ಸಿಯಲ್ಲಿ ದುಡಿದು ಸಂಜೆ ಕಾವಲು ಕಾಯುವ ಸ್ವಯಂಸೇವಕರಿಂದ ಇದು ಸಾಗದೆಂದು ತಿಳಿದು, ಸಂಬಳದ ಕಾರ್ಯದರ್ಶಿಗಳನ್ನು ನೇಮಿಸಿದರು. ಅಲ್ಲಿಂದ ಹುಟ್ಟಿದ್ದೇ ಇವತ್ತಿಗೂ ಅಮೆರಿಕ, ಕೆನಡಾಗಳಲ್ಲಿ ಗಿರಾಕಿಗಳು ದೂರು ಕೊಂಡೊಯ್ಯುವ ಬೆಟರ್ ಬಿಸಿನೆಸ್ ಬ್ಯೂರೊ. ಕ್ಲಬ್ಬುಗಳ ಗೌರವವೂ ಇದರೊಡನೆ ಏರಿತು. 1916ರ ಜೂನಿನಲ್ಲಿ ಅವುಗಳ ಸಮಾವೇಶ ಫಿಲಡೆಲ್ಫಿಯಾದಲ್ಲಿ ನಡೆದಾಗ ಭಾಷಣಕ್ಕೆ ಬಂದವರು ರಾಷ್ಟ್ರಾಧ್ಯಕ್ಷ ವುಡ್ರೊ ವಿಲ್ಸನ್. 1924ರಲ್ಲಿ ಅದೇ ಒಕ್ಕೂಟ ಸಮುದ್ರ ದಾಟಿ ಲಂಡನ್ನಿನ ವೆಂಬ್ಲಿಯಲ್ಲಿ ಸಭೆ ಸೇರಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಮತ್ತು ಅದು ಹಗುರವಾದದ್ದಲ್ಲ. ಈ ಸತ್ಯದ ಚಳವಳಿ ಸ್ವಾರ್ಥದ್ದಲ್ಲವೇ? ಓದುಗ ಜಾಹೀರಾತನ್ನೇ ನಂಬದಂತಾದರೆ ಪ್ರಾಮಾಣಿಕನಿಗೂ ನಷ್ಟ. ಆದ್ದರಿಂದ ನಂಬಿಕೆ ಎಂಬ ಬಂಡವಾಳ ಕರಗದಂತೆ ಕಾಯ್ದುಕೊಂಡರು. ಸರ್ಕಾರ ಬಂದು ಕಡಿವಾಣ ಹಾಕುವ ಮೊದಲು ನಾವೇ ಹಾಕಿಕೊಂಡಿದ್ದೇವೆ ಎಂದು ತೋರಿಸುವ ಆತುರವೂ ಇತ್ತು. ಕೋರ್ಟಿಗೆ ಎಳೆಸಿಕೊಂಡವರಲ್ಲಿ ಚಿಲ್ಲರೆ ವ್ಯಾಪಾರಿಗಳು ಬಹಳ, ರಾಷ್ಟ್ರಮಟ್ಟದ ದೊಡ್ಡ ಜಾಹೀರಾತುದಾರರು ಕಡಿಮೆ. ಚಳವಳಿಯ ಮುಂದಾಳು ಡಾಬ್ಸ್ ಇದ್ದ ಕಂಪನಿಯೇ ಆ ವರ್ಷಗಳಲ್ಲಿ ತನ್ನ ಪಾನೀಯದ ಕೆಫೀನ್ ವಿಷಯಕ್ಕೆ ಕೇಂದ್ರ ಸರ್ಕಾರದ ಮೊಕದ್ದಮೆ ಎದುರಿಸುತ್ತಿತ್ತು. ಸಾಲದ್ದಕ್ಕೆ ಈ ಕ್ಲಬ್ಬುಗಳು ಗಂಡಸರ ಕೋಟೆಗಳು. ನ್ಯೂಯಾರ್ಕಿನ ಕ್ಲಬ್ಬಿನ ಬಾಗಿಲು ಹೆಂಗಸರಿಗೆ ಮುಚ್ಚಿದ್ದಕ್ಕೇ 1912ರಲ್ಲಿ ಕ್ರಿಸ್ಟೀನ್ ಫ್ರೆಡರಿಕ್ ಮತ್ತು ಸಂಗಡಿಗರು ಜಾಹೀರಾತು ಮಹಿಳೆಯರ ಬೇರೆ ಸಂಘವನ್ನೇ ಕಟ್ಟಬೇಕಾಯಿತು. ಮನೆಗೆ ಬೇಕಾದ ವಸ್ತುಗಳನ್ನು ಕೊಳ್ಳುವವರು ಹೆಂಗಸರು, ಕೊಳ್ಳುವವರ ಪರ ಕಾವಲು ಕಾಯುತ್ತೇವೆ ಎಂದವರು ಅವರನ್ನೇ ಹೊರಗಿಟ್ಟವರು. ಇದನ್ನೆಲ್ಲ ನಾನು ಒಪ್ಪುತ್ತೇನೆ. ಆದರೆ ಸ್ವಾರ್ಥ ಬೆರೆತಿತ್ತು ಎಂಬುದರಿಂದ ಕೆಲಸ ಸುಳ್ಳಾಗುವುದಿಲ್ಲ. ಬಾವಿಯ ನೀರು ಕೆಟ್ಟರೆ ತನಗೂ ಕುಡಿಯುವುದಕ್ಕಿಲ್ಲ ಎಂಬ ಭಯದಿಂದ ಬಾವಿ ಕಾಯುವವನು ಕೂಡ ಬಾವಿಯನ್ನು ಕಾಯುತ್ತಲೇ ಇರುತ್ತಾನೆ. ನನ್ನ ವಾದಕ್ಕೆ ಬೇಕಾದದ್ದು ಅವರ ಅಂತರಂಗದ ಶುದ್ಧಿಯಲ್ಲ. ಒಳ್ಳೆಯ ಜಾಹೀರಾತು ಯಾವುದು ಎಂಬ ಪ್ರಶ್ನೆಗೆ ಆ ಕ್ಲಬ್ಬುಗಳು ಕೊಟ್ಟ ಉತ್ತರದಲ್ಲಿ ‘ಅದು ಹೇಳುವುದು ನಿಜವೇ’ ಎಂಬ ಪರೀಕ್ಷೆ ಒಳಗೇ ಇತ್ತು, ಅಷ್ಟು ಸಾಕು.

ಪ್ರಶಸ್ತಿಗಳ ಮೊದಲ ಹೆಜ್ಜೆಗಳಲ್ಲಿಯೂ ಆ ಪರೀಕ್ಷೆಯ ನೆರಳಿತ್ತು ಎಂಬುದನ್ನು ಜಾಹೀರಾತಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ನ್ಯೂಯಾರ್ಕಿನ ಆರ್ಟ್ ಡೈರೆಕ್ಟರ್ಸ್ ಕ್ಲಬ್ 1921ರಲ್ಲಿ ಜಾಹೀರಾತು ಚಿತ್ರಗಳ ಮೊದಲ ಪ್ರದರ್ಶನ ನಡೆಸಿದಾಗ ಅದರ ಉದ್ದೇಶ ಚಿತ್ರಕಲೆಯ ಗೌರವ, ಅಷ್ಟೇ. ಆದರೆ ಜಾಹೀರಾತು ಎಂಬ ಇಡೀ ಕೆಲಸಕ್ಕೆ ಬಹುಮಾನ ಕೊಡುವ ಮೊದಲ ದೊಡ್ಡ ಏರ್ಪಾಡು ಬಂದದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಣಿಜ್ಯ ಶಾಲೆಯಿಂದ, 1920ರ ದಶಕದಲ್ಲಿ. ಅದಕ್ಕೆ ಹಣ ಕೊಟ್ಟವನು ಬೇರಾರೂ ಅಲ್ಲ, ಪಿಂಕಮ್ಮರ ಸಮಾಧಿಯ ಚಿತ್ರ ಅಚ್ಚು ಹಾಕಿದ ಅದೇ ಎಡ್ವರ್ಡ್ ಬಾಕ್. ಕೆಟ್ಟ ಜಾಹೀರಾತನ್ನು ಪತ್ರಿಕೆಯಿಂದ ಹೊರಗಟ್ಟಿದ ಕೈಯೇ ಒಳ್ಳೆಯದಕ್ಕೆ ಬಹುಮಾನ ಇಟ್ಟಿತು. ಹೊಲದಲ್ಲಿ ಕಳೆ ಕೀಳುವುದಕ್ಕೂ ಬೀಜಕ್ಕೆ ಒಳ್ಳೆಯ ತೆನೆ ಆರಿಸಿ ಎತ್ತಿಡುವುದಕ್ಕೂ ಬೇರೆ ಬೇರೆ ಕಣ್ಣು ಬೇಕಿಲ್ಲ. ಬಾಕ್‌ನ ಬದುಕಿನಲ್ಲಿ ಕಾವಲು, ಪುರಸ್ಕಾರ ಎರಡೂ ಹೀಗೆ ಒಂದೇ ಕಣ್ಣಿನ ಕೆಲಸಗಳಾಗಿದ್ದವು. ಅವು ಮುಂದೆ ಏಕೆ ಬೇರೆಯಾದವು?

ಒಂದು ಕಾರಣ ಗೆಲುವೇ. ಬ್ಯೂರೊಗಳು ಸ್ವತಂತ್ರ ಸಂಸ್ಥೆಗಳಾದ ಮೇಲೆ ಕ್ಲಬ್ಬಿಗೆ ಆ ಕೆಲಸ ಉಳಿಯಲಿಲ್ಲ. 1914ರಲ್ಲಿ ಹುಟ್ಟಿದ್ದ ಫೆಡರಲ್ ಟ್ರೇಡ್ ಕಮಿಷನ್ನಿಗೆ 1938ರ ವೀಲರ್–ಲೀ ತಿದ್ದುಪಡಿ ಮೋಸದ ಜಾಹೀರಾತಿನ ಮೇಲೆ ನೇರ ಅಧಿಕಾರ ಕೊಟ್ಟಿತು. ಇನ್ನೊಂದು ಕಾರಣ ಲೆಕ್ಕದ ಪುಸ್ತಕದ್ದು, ಮತ್ತು ನನಗೆ ಅದೇ ಹೆಚ್ಚು ಬಲವಾದದ್ದು ಎನ್ನಿಸುತ್ತದೆ. ಕಾವಲು ಖರ್ಚಿನ ಬಾಬತ್ತು. ಅದು ಸದಸ್ಯರನ್ನು ಸಿಟ್ಟಿಗೆಬ್ಬಿಸುತ್ತದೆ, ಗಿರಾಕಿ ಕಂಪನಿಗಳನ್ನು ದೂರ ಮಾಡುತ್ತದೆ, ವಕೀಲರ ಫೀಜು ಕೇಳುತ್ತದೆ. ಪ್ರಶಸ್ತಿ ಆದಾಯದ ಬಾಬತ್ತು. ಒಂದೊಂದು ಜಾಹೀರಾತಿಗೂ ಪ್ರವೇಶ ಶುಲ್ಕ, ವಿಭಾಗ ಹೆಚ್ಚಿದಷ್ಟೂ ಶುಲ್ಕ ಹೆಚ್ಚು, ಪ್ರದಾನದ ರಾತ್ರಿಯ ಮೇಜುಗಳಿಗೆ ಬೇರೆ ದರ, ಪ್ರಾಯೋಜಕರ ಹಣ ಬೇರೆ. ಚಂದಾದ ಮೇಲೆ ಉಸಿರಾಡುವ ಸ್ಥಳೀಯ ಸಂಘಕ್ಕೆ ವರ್ಷದ ಖರ್ಚು ತೂಗಿಸಿಕೊಡುವ ಕಾರ್ಯಕ್ರಮ ಅದೇ. ಇದರಲ್ಲಿ ಯಾರದೋ ದುರುದ್ದೇಶ ಹುಡುಕಬೇಕಿಲ್ಲ. ಒಂದು ಕೆಲಸ ಸಂಸ್ಥೆಯನ್ನು ಸಾಕುತ್ತದೆ, ಇನ್ನೊಂದು ಸವೆಸುತ್ತದೆ ಎಂದಾಗ ಐವತ್ತು ವರ್ಷದಲ್ಲಿ ಯಾವುದು ಉಳಿಯುತ್ತದೆ ಎಂಬುದು ಗೊತ್ತಿದ್ದದ್ದೇ.

1960ರಲ್ಲಿ ಫ್ಲೋರಿಡಾದ ಟ್ಯಾಂಪಾ ಕೊಲ್ಲಿ ಪ್ರದೇಶದ ಕ್ಲಬ್ಬು ‘ಆಡಿ’ ಎಂಬ ಹೆಸರಿನಲ್ಲಿ ಒಂದು ಸ್ಪರ್ಧೆ ಶುರು ಮಾಡಿತು. ಒಕ್ಕೂಟ 1967ರಲ್ಲಿ ಪಶ್ಚಿಮ ರಾಜ್ಯಗಳ ಸಂಘದೊಡನೆ ಸೇರಿ ಇಂದಿನ ಫೆಡರೇಶನ್ ಆಯಿತು. ಮರುವರ್ಷವೇ ಆ ಊರಿನ ಸ್ಪರ್ಧೆಯನ್ನು ದೇಶದ ಸ್ಪರ್ಧೆಯನ್ನಾಗಿ ಎತ್ತಿಕೊಂಡಿತು. ಮೊದಲು ಊರಿನ ಕ್ಲಬ್ಬಿನಲ್ಲಿ ಗೆಲ್ಲಬೇಕು, ಆಮೇಲೆ ಪ್ರಾಂತ್ಯ, ಆಮೇಲೆ ರಾಷ್ಟ್ರ. ಈ ಮೂರು ಮೆಟ್ಟಿಲಿನ ವ್ಯವಸ್ಥೆಯ ಒಳಿತನ್ನು ಕಡೆಗಣಿಸಬಾರದು. ದೊಡ್ಡ ಏಜೆನ್ಸಿಗಳ ಬೀದಿಯಾದ ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂವಿನಿಂದ ಸಾವಿರ ಮೈಲಿ ದೂರದ ಸಣ್ಣ ಊರಿನಲ್ಲಿ ಬ್ಯಾಂಕಿನ ಕರಪತ್ರ, ಆಸ್ಪತ್ರೆಯ ಭಿತ್ತಿಪತ್ರ, ರೇಡಿಯೊದ ಮೂವತ್ತು ಸೆಕೆಂಡಿನ ಮಾತು ಬರೆಯುವವನಿಗೆ ತನ್ನ ಕೆಲಸವನ್ನು ಬಲ್ಲವರು ನೋಡಿ ತೂಗುತ್ತಾರೆ ಎಂಬ ಭರವಸೆ ಅಲ್ಲಿ ಮೊದಲ ಬಾರಿ ಸಿಕ್ಕಿತು. ವಿದ್ಯಾರ್ಥಿಗಳಿಗೂ ಅದರಲ್ಲಿ ವಿಭಾಗ ಉಂಟು. ಪ್ರಶಸ್ತಿ ಕಸುಬನ್ನು ಬೆಳೆಸಿತು ಎಂದು ವಾದಿಸುವವರ ಪಕ್ಷದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ, ನಾನೂ ಆ ಸಾಕ್ಷಿಗೆ ತಲೆಬಾಗುತ್ತೇನೆ. ಊರಿನ ಕ್ಲಬ್ಬುಗಳು ಹಿರಿಯರಿಗೆ ಕೊಡುವ ಬೆಳ್ಳಿ ಪದಕ 1959ರಲ್ಲಿ ಶುರುವಾದದ್ದು. ಸೃಜನಶೀಲತೆಯ ಜೊತೆಗೆ ಕಸುಬಿನ ಮಟ್ಟ ಎತ್ತಿದ್ದು, ಸಮಾಜದ ಬಗ್ಗೆ ಹೊಣೆ ತೋರಿದ್ದು ಕೂಡ ಅದರ ಅಳತೆಗೋಲು. ಹಳೆಯ ಕಾವಲಿನ ನೆನಪು ವ್ಯಕ್ತಿಗೆ ಕೊಡುವ ಪದಕದಲ್ಲಿ ಉಳಿಯಿತು. ಕೃತಿಗೆ ಕೊಡುವ ಟ್ರೋಫಿಯಲ್ಲಿ ಮುಖ್ಯವಾಗಿ ಉಳಿದದ್ದು ಹೊಳಹು ಮತ್ತು ಚೆಲುವು.

ಭಾರತಕ್ಕೆ ಈ ಪರಂಪರೆ ಬಂದದ್ದು ಅದರ ಎರಡನೆಯ ಅರ್ಧದ ರೂಪದಲ್ಲಿ. ಮುಂಬಯಿಯಲ್ಲಿ 1948ರಲ್ಲಿ ವಾಣಿಜ್ಯ ಕಲಾವಿದರ ಗಿಲ್ಡ್ ಹುಟ್ಟಿತು, 1954ರಲ್ಲಿ ಅಡ್ವರ್ಟೈಸಿಂಗ್ ಕ್ಲಬ್, ಎರಡು ವರ್ಷದ ಮೇಲೆ ಮದರಾಸಿನಲ್ಲಿ ಅಂಥದೇ ಕ್ಲಬ್ಬು. 1954 ಎಂಬ ವರ್ಷವನ್ನು ಸ್ವಲ್ಪ ನಿಂತು ನೋಡಬೇಕು. ಅದೇ ವರ್ಷ ವೆನಿಸ್ ನಗರದಲ್ಲಿ ಜಾಹೀರಾತು ಚಿತ್ರಗಳ ಮೊದಲ ಅಂತರರಾಷ್ಟ್ರೀಯ ಉತ್ಸವ ನಡೆಯಿತು. ಹದಿನಾಲ್ಕು ದೇಶಗಳಿಂದ 187 ಚಿತ್ರಗಳು ಬಂದವು. ಆ ಊರಿನ ಸಿಂಹವೇ, ಆ ಉತ್ಸವ ಬೆಳೆದು ಆದ ಇಂದಿನ ಕಾನ್ ಜಾಹೀರಾತು ಉತ್ಸವದ ಟ್ರೋಫಿಯ ಮೇಲಿರುವ ಸಿಂಹ. ಅದೇ ವರ್ಷ ನಮ್ಮ ಸಂಸತ್ತು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾಯಿದೆ ಮಾಡಿತು. ಮಧುಮೇಹ, ಕ್ಯಾನ್ಸರ್, ಕುರುಡುತನ ಮುಂತಾದ 54 ಕಾಯಿಲೆ-ಸ್ಥಿತಿಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಹಾಕುವುದು ಅದರ ಪಟ್ಟಿಯ ಪ್ರಕಾರ ಅಪರಾಧ. ಅಮೆರಿಕದಲ್ಲಿ ಒಂದೇ ಕ್ಲಬ್ಬಿನ ಹೊಟ್ಟೆಯಿಂದ ಒಂದರ ಹಿಂದೊಂದು ಹುಟ್ಟಿದ ಕೆಲಸಗಳು ಇಲ್ಲಿ ಹುಟ್ಟುವಾಗಲೇ ಬೇರೆ ಬೇರೆ ಮನೆಗೆ ಸೇರಿದ್ದವು. ಕಾವಲು ಸರ್ಕಾರದ ಕಾಯಿದೆಗೆ, ಪುರಸ್ಕಾರ ಕ್ಲಬ್ಬಿಗೆ. ಕಸುಬಿನವರು ತಾವಾಗಿ ಕಟ್ಟಿಕೊಂಡ ನಿಯಂತ್ರಣ ಸಂಸ್ಥೆ, ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್, ಬಂದದ್ದು ಮೂವತ್ತೊಂದು ವರ್ಷದ ನಂತರ, 1985ರಲ್ಲಿ. ಮುಂಬಯಿ ಕ್ಲಬ್ಬಿನ ಆಬಿ ಪ್ರಶಸ್ತಿ ದೇಶದ ಜಾಹೀರಾತಿನವರೆಲ್ಲ ಬಯಸುವ ಗೌರವವಾಯಿತು. 2006ರಲ್ಲಿ ಏಜೆನ್ಸಿಗಳ ಸಂಘ ಗೋವಾದಲ್ಲಿ ಶುರು ಮಾಡಿದ ಉತ್ಸವದೊಡನೆ ಅದು 2008ರಲ್ಲಿ ಕೂಡಿಕೊಂಡಿತು. ಬೆಂಗಳೂರಿನ ಕ್ಲಬ್ಬಿಗೆ ತನ್ನದೇ ಬಿಗ್ ಬ್ಯಾಂಗ್ ಪ್ರಶಸ್ತಿ ಇದೆ.

ಪ್ರಶಸ್ತಿಯೇ ಸುಳ್ಳಿಗೆ ಕಣವಾಯಿತು ಎಂದೆನಲ್ಲ, ಈಗ ಆ ಸುಳ್ಳಿನ ವಿಷಯಕ್ಕೆ ಬರೋಣ. ಕನ್ನಡದ ‘ಜಾಹೀರಾತು’ ಎಂಬ ಪದದೊಳಗೆ ಅದರ ಅರ್ಥ ತೆರೆದೇ ಕೂತಿದೆ. ಜಾಹೀರು ಎಂದರೆ ಬಹಿರಂಗ, ಎಲ್ಲರ ಕಣ್ಣಿಗೆ ಕಾಣುವಂಥದ್ದು. ಡಂಗುರದವನು ಬೀದಿಯ ನಡುವೆ ನಿಂತು ಸಾರಿದರೆ ಅದು ಜಾಹೀರು. ತನ್ನ ಮನೆಯ ಹಿತ್ತಿಲಲ್ಲಿ ನಿಂತು ಸಾರಿದರೆ ಅಲ್ಲ. ಪ್ರಶಸ್ತಿಗಳ ಬೆಲೆ ಏರಿದಂತೆ, ಗಿರಾಕಿ ಕಂಪನಿ ಕೇಳದ, ಜನ ನೋಡದ, ತೀರ್ಪುಗಾರರ ಕಣ್ಣಿಗೆಂದೇ ಮಾಡಿದ ಜಾಹೀರಾತುಗಳು ಲೋಕದ ಎಲ್ಲೆಡೆ ಹುಟ್ಟಿಕೊಂಡವು. ಕಸುಬಿನವರು ಅವನ್ನು ‘ಸ್ಕ್ಯಾಮ್ ಆಡ್’ ಎನ್ನುತ್ತಾರೆ. ನಿಯಮದ ಬಾಯಿ ಮುಚ್ಚಲು ಯಾವುದೋ ಸಣ್ಣ ಪತ್ರಿಕೆಯಲ್ಲಿ ಒಂದೇ ದಿನ, ಅಥವಾ ಟಿವಿಯಲ್ಲಿ ನಡುರಾತ್ರಿ ಒಂದೇ ಸಲ ಹಾಕಿಸುತ್ತಾರೆ. ವಸ್ತುವಿನ ಬಗ್ಗೆ ಅದರಲ್ಲಿ ಸುಳ್ಳು ಇಲ್ಲದಿರಬಹುದು, ಆದರೆ ತನ್ನ ಇರವಿನ ಬಗ್ಗೆಯೇ ಅದು ಹೇಳುವ ಸುಳ್ಳು ದೊಡ್ಡದು. ‘ನಾನು ಜಾಹೀರಾಗಿದ್ದೇನೆ’ ಎಂದು ಹೇಳಿಕೊಳ್ಳುವ, ಜಾಹೀರಾಗದ ವಸ್ತು ಅದು. 2009ರಲ್ಲಿ ನ್ಯೂಯಾರ್ಕಿನ ಒನ್ ಕ್ಲಬ್ಬಿನ ಪುರಸ್ಕಾರ ಪಡೆದಿದ್ದ ಬ್ರೆಜಿಲಿನ ಒಂದು ಜಾಹೀರಾತು ಬಯಲಿಗೆ ಬಿತ್ತು. ವನ್ಯಜೀವಿ ನಿಧಿ ಡಬ್ಲ್ಯುಡಬ್ಲ್ಯುಎಫ್ ಹೆಸರಿನ ಆ ಜಾಹೀರಾತು ಸುನಾಮಿಯಲ್ಲಿ ಸತ್ತವರನ್ನು ನ್ಯೂಯಾರ್ಕಿನ ಅವಳಿ ಗೋಪುರಗಳ ದಾಳಿಯಲ್ಲಿ ಸತ್ತವರೊಡನೆ ಹೋಲಿಸಿತ್ತು. ಒಂದು ಸಣ್ಣ ಪತ್ರಿಕೆಯಲ್ಲಿ ಒಮ್ಮೆ ಬಂದದ್ದು ಬಿಟ್ಟರೆ ಅದು ಎಲ್ಲೂ ಬಂದಿರಲಿಲ್ಲ. 2013ರಲ್ಲಿ ನಮ್ಮ ದೇಶದ ಒಂದು ಏಜೆನ್ಸಿ ಫೋರ್ಡ್ ಫಿಗೊ ಕಾರಿನ ಹೆಸರಿನಲ್ಲಿ ಮಾಡಿದ, ಕೈಕಾಲು ಕಟ್ಟಿದ ಹೆಂಗಸರನ್ನು ಕಾರಿನ ಡಿಕ್ಕಿಯಲ್ಲಿ ತೋರಿಸುವ ಭಿತ್ತಿಪತ್ರಗಳು ಅಂತರ್ಜಾಲದಲ್ಲಿ ಕಾಣಿಸಿಕೊಂಡವು. ಕಂಪನಿ ಅವಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ, ಅವು ಯಾವ ಬೀದಿಯಲ್ಲೂ ಅಂಟಿರಲಿಲ್ಲ. ಕಾರು ಕಂಪನಿ, ಏಜೆನ್ಸಿಯ ಒಡೆತನ ಹೊಂದಿದ ಸಮೂಹ ಎರಡೂ ಕ್ಷಮೆ ಕೇಳಿದವು.

ಈ ಉದಾಹರಣೆಗಳಲ್ಲಿ ನನ್ನ ಗಮನ ಸೆಳೆಯುವುದು ಒಂದು ಸಾಮಾನ್ಯ ಎಳೆ. ಇವು ಬೀದಿಗೆ ಬರುವ ಜಾಹೀರಾತುಗಳಾಗಿದ್ದರೆ ಹುಟ್ಟುತ್ತಲೇ ಇರಲಿಲ್ಲ. ಸತ್ತವರ ಲೆಕ್ಕವನ್ನು ಹಾಗೆ ತೂಗಿದರೆ ಓದುಗ ಏನೆನ್ನುತ್ತಾನೆ, ಕಾರು ಕೊಳ್ಳುವ ಮನೆಯ ಹೆಂಗಸು ಆ ಡಿಕ್ಕಿಯನ್ನು ನೋಡಿ ಏನೆನ್ನುತ್ತಾಳೆ ಎಂಬ ಅಂಜಿಕೆ ಮಾಡುವವನ ಕೈಯನ್ನು ಮೊದಲೇ ತಡೆಯುತ್ತಿತ್ತು. ಆ ಅಂಜಿಕೆಯನ್ನು ಕಲೆಗೆ ಅಡ್ಡಿ ಎಂದು ತಿಳಿಯುವವರಿದ್ದಾರೆ. ನನ್ನ ಮಟ್ಟಿಗೆ ಆ ಕಲೆಯ ಅರ್ಧ ಭಾಗವೇ ಅದು. ನಿಜವಾದ ಗಿರಾಕಿ, ನಿಜವಾದ ಬಜೆಟ್ಟು, ಅವಸರದಲ್ಲಿ ಪುಟ ತಿರುಗಿಸುವ ನಿಜವಾದ ಓದುಗ, ಇವರ ನಡುವೆ ಜಾಗ ಮಾಡಿಕೊಂಡು ನಿಜವಾದ ಒಂದು ಮಾತನ್ನು ನಾಟುವಂತೆ ಹೇಳುವುದೇ ಈ ಕಸುಬಿನ ಕಷ್ಟ. ಕಷ್ಟವನ್ನು ತೆಗೆದು ಕೌಶಲಕ್ಕೆ ಬಹುಮಾನ ಕೊಟ್ಟರೆ, ನೀರಿಲ್ಲದ ಕೆರೆಯಲ್ಲಿ ಈಜಿದವನಿಗೆ ಬಹುಮಾನ ಕೊಟ್ಟಂತೆ. ಆದ್ದರಿಂದಲೇ ಸತ್ಯವನ್ನು ಸೃಜನಶೀಲತೆಯ ಮೇಲೆ ಹೊರಗಿನಿಂದ ಹೇರಿದ ನೀತಿಪಾಠ ಎನ್ನುವುದು ತಪ್ಪು. ಅದಿಲ್ಲದೆ ಸೃಜನಶೀಲತೆಯನ್ನು ಅಳೆಯುವುದಕ್ಕೇ ಆಗುವುದಿಲ್ಲ ಎಂಬುದನ್ನು ಪ್ರಶಸ್ತಿಗಳ ಚರಿತ್ರೆಯೇ ತೋರಿಸಿಕೊಟ್ಟಿತು.

ಇಂಥವು ಕೆಲವೇ, ನೂರಾರು ಪ್ರಾಮಾಣಿಕ ಕೃತಿಗಳ ನಡುವೆ ನಾಲ್ಕು ಕೊಳೆತವು ಎಂದು ಹೇಳುವವರಿದ್ದಾರೆ. ಸಂಖ್ಯೆಯ ವಿಷಯ ಬಿಟ್ಟು, ಪ್ರಶಸ್ತಿ ನಡೆಸುವವರು ಏನು ಮಾಡಿದರು ಎಂಬುದನ್ನು ನೋಡೋಣ. ಬ್ರೆಜಿಲಿನ ಪ್ರಕರಣದ ನಂತರ ಒನ್ ಕ್ಲಬ್ ಹೊಸ ನಿಯಮ ಸಾರಿತು: ಸುಳ್ಳು ಜಾಹೀರಾತು ಕಳಿಸಿದ ಏಜೆನ್ಸಿಗೆ ಐದು ವರ್ಷ ಬಹಿಷ್ಕಾರ, ಪ್ರಶಸ್ತಿಗೆಂದೇ ತನ್ನ ಹಣದಲ್ಲಿ ಒಂದು ಸಲ ಮಾತ್ರ ಹಾಕಿಸಿದವರಿಗೆ ಮೂರು ವರ್ಷ. ಎಲ್ಲೋ ನಾಲ್ಕು ಕೊಳೆತ ಹಣ್ಣಿಗೆ ಯಾರೂ ಇಂಥ ಬೇಲಿ ಕಟ್ಟುವುದಿಲ್ಲ. ಗಿರಾಕಿ ಕಂಪನಿಯ ಸಹಿ ಇರುವ ಪತ್ರ, ಪ್ರಕಟವಾದ ದಿನಾಂಕ, ಪುಟದ ಪ್ರತಿ, ಇವನ್ನು ಕೇಳುವುದು ಸ್ಪರ್ಧೆಗಳ ರೂಢಿಯಾಯಿತು. ಆದರೂ ಸುಳ್ಳು ಜಾಗ ಬದಲಿಸಿತೇ ಹೊರತು ನಿಲ್ಲಲಿಲ್ಲ. ಈಗ ಜಾಹೀರಾತಿನ ಜೊತೆಗೆ, ಅದು ಜಗತ್ತಿನಲ್ಲಿ ಎಷ್ಟು ಪರಿಣಾಮ ಮಾಡಿತು ಎಂದು ಹೇಳುವ ಎರಡು ನಿಮಿಷದ ಚಿತ್ರವನ್ನೂ ಕಳಿಸಬೇಕು. ಸುಳ್ಳು ಆ ಚಿತ್ರದೊಳಗೆ ಹೊಕ್ಕಿತು. 2016ರಲ್ಲಿ ಸಮುದ್ರದಲ್ಲಿ ಮುಳುಗುವ ನಿರಾಶ್ರಿತರನ್ನು ಪತ್ತೆ ಮಾಡುತ್ತದೆ ಎಂದು ಹೇಳಿಕೊಂಡ ಮೊಬೈಲ್ ಆ್ಯಪ್ ಒಂದಕ್ಕೆ ಕಾನ್‌ನಲ್ಲಿ ಕಂಚು ಬಂತು, ಆ್ಯಪ್ ಹೇಳಿದಂತೆ ಕೆಲಸ ಮಾಡುವುದಿಲ್ಲವೆಂದು ತಜ್ಞರು ತೋರಿಸಿದ ಮೇಲೆ ಹಿಂದಿರುಗಿತು. 2025ರಲ್ಲಿ ಕೃತಕ ಬುದ್ಧಿಮತ್ತೆಯಿಂದ ತಿದ್ದಿದ ಟಿವಿ ಸುದ್ದಿಯ ತುಣುಕನ್ನು ಸೇರಿಸಿದ್ದಕ್ಕೆ ಅಲ್ಲಿನ ಅತ್ಯುನ್ನತ ಗ್ರಾಂ ಪ್ರಿ ಪ್ರಶಸ್ತಿಯನ್ನೇ ಬ್ರೆಜಿಲಿನ ಒಂದು ಏಜೆನ್ಸಿ ಹಿಂದಿರುಗಿಸಬೇಕಾಯಿತು. ಕ್ಲಬ್ಬುಗಳು, ಉತ್ಸವಗಳು ಮತ್ತೆ ಕಾವಲು ಸಮಿತಿ ನೇಮಿಸಿಕೊಳ್ಳುತ್ತಿವೆ. ಆದರೆ ಈ ಸಮಿತಿ ಯಾರನ್ನು ಕಾಯುತ್ತದೆ? 1912ರದು ಓದುಗನನ್ನು ವ್ಯಾಪಾರಿಯಿಂದ ಕಾಯಿತು. ಇಂದಿನದು ಒಬ್ಬ ಸ್ಪರ್ಧಿಯನ್ನು ಇನ್ನೊಬ್ಬ ಸ್ಪರ್ಧಿಯಿಂದ ಕಾಯುತ್ತದೆ.

ಓದುಗನನ್ನು ಕಾಯುವುದಕ್ಕೆ ಈಗ ಕಾನೂನು ಇದೆಯಲ್ಲ, ಊಟ-ಉತ್ಸವದ ಸಂಘಕ್ಕೆ ಆ ಹೊರೆ ಏಕೆ ಎಂಬುದು ಕೊನೆಯ ಆಕ್ಷೇಪ. ನಿಜ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಕೇಂದ್ರ ಪ್ರಾಧಿಕಾರವಿದೆ. ಕೋಚಿಂಗ್ ಸೆಂಟರುಗಳ ಜಾಹೀರಾತಿಗೆಂದೇ ಅದು 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಪತಂಜಲಿ ಕಂಪನಿಯ ಔಷಧ ಜಾಹೀರಾತುಗಳ ಮೊಕದ್ದಮೆಯಲ್ಲಿ, ಜಾಹೀರಾತು ಹಾಕುವ ಮೊದಲು ಅದು ದಾರಿ ತಪ್ಪಿಸುವುದಿಲ್ಲವೆಂದು ಸ್ವಯಂ ಘೋಷಣೆ ಕೊಡಬೇಕೆಂದು ಹೇಳಿತು. ಮಾಂತ್ರಿಕ ಪರಿಹಾರಗಳ ಕಾಯಿದೆಗೆ ಅಷ್ಟು ಹೊತ್ತಿಗೆ ಎಪ್ಪತ್ತು ವರ್ಷ. ಎಪ್ಪತ್ತು ವರ್ಷದ ಕಾಯಿದೆ ಇದ್ದೂ ದೇಶದ ಅತ್ಯುನ್ನತ ನ್ಯಾಯಾಲಯ ಜಾಹೀರಾತಿನ ಸುಳ್ಳನ್ನು ತಡೆಯಲು ಹೊಸ ದಾರಿ ಹುಡುಕಬೇಕಾಯಿತು ಎಂಬುದೇ, ಕಾಯಿದೆ ಒಂದರಿಂದಲೇ ಈ ಕೆಲಸ ಆಗುವುದಿಲ್ಲ ಎಂಬುದಕ್ಕೆ ಸಾಕ್ಷಿ. ದೆಹಲಿಯ ಪ್ರಾಧಿಕಾರ, ಮುಂಬಯಿಯ ಕೌನ್ಸಿಲ್ ಇವುಗಳ ಕಣ್ಣು ದೊಡ್ಡ ಬ್ರ್ಯಾಂಡುಗಳ ಮೇಲೆ ಬೇಗ ಬೀಳುತ್ತದೆ. ಒಂದು ಜಿಲ್ಲೆಯ ಪತ್ರಿಕೆಯ ಮೂಲೆಯಲ್ಲಿ ಬರುವ ಸಕ್ಕರೆ ಕಾಯಿಲೆಯ ಲೇಹ್ಯ, ಆಟೊ ಹಿಂದೆ ಅಂಟಿಸಿದ ನೂರಕ್ಕೆ ನೂರು ಫಲಿತಾಂಶದ ಟ್ಯುಟೋರಿಯಲ್, ಬಡಾವಣೆಯೇ ಇಲ್ಲದ ಕಡೆ ‘ಎಲ್ಲ ಸೌಕರ್ಯಗಳೊಡನೆ’ ಮಾರುವ ಸೈಟು, ಇವುಗಳ ಮೇಲೆ ಬೀಳುವುದು ತಡ.

ಇಂಥವನ್ನು ಬೇಗ ಗುರುತಿಸುವವರು ಅದೇ ಊರಿನ ಕಸುಬಿನವರು. ಪ್ರತಿಸ್ಪರ್ಧಿಯ ಮೇಲಿನ ಹಗೆಗೆ ಕಾವಲನ್ನು ಬಳಸಿಕೊಂಡಾರು ಎಂಬ ಭಯ ಸಹಜ. 1912ರ ಕ್ಲಬ್ಬುಗಳಿಗೂ ಅದೇ ತೊಡಕಿತ್ತು. ಯಾವ ಏಜೆನ್ಸಿಗೂ ಸೇರದ ಸಂಬಳದ ಕಾರ್ಯದರ್ಶಿಯ ಕೈಗೆ ದೂರುಗಳನ್ನು ಒಪ್ಪಿಸಿದಾಗ ಅದು ತಕ್ಕಮಟ್ಟಿಗೆ ಬಿಡಿಸಿಕೊಂಡಿತು. ಆ ಕಾರ್ಯದರ್ಶಿಯ ಸಂಬಳಕ್ಕೆ ಅಂದಿನವರು ಚಂದಾ ಎತ್ತಬೇಕಿತ್ತು. ಇಂದಿನ ಕ್ಲಬ್ಬಿಗೆ ಪ್ರವೇಶ ಶುಲ್ಕದ ಆದಾಯ ಇದೆ. ಅರ್ಜಿಯಲ್ಲಿ ಪ್ರಕಟವಾದ ದಿನಾಂಕ, ಗಿರಾಕಿಯ ಸಹಿ ಕೇಳುವ ಜಾಗದ ಕೆಳಗೇ, ಜಾಹೀರಾತು ಮಾಡಿದ ಹೇಳಿಕೆಗೆ ಆಧಾರವೇನು ಎಂದು ಇನ್ನೊಂದು ಸಾಲು ಸೇರಿಸುವುದಕ್ಕೆ ಖರ್ಚೂ ಇಲ್ಲ. ಕಾಗದದ ಮೇಲೆ ಬರದ ಸಾಕ್ಷಿಯೂ ಒಂದಿದೆ. ಯಾವ ಬಡಾವಣೆಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ, ಯಾವ ಕಾಲೇಜಿನ ಲ್ಯಾಬಿಗೆ ಬೀಗ ಬಿದ್ದಿದೆ, ಯಾವ ಅಂಗಡಿಯ ಆಷಾಢದ ರಿಯಾಯಿತಿಗೆ ಜ್ಯೇಷ್ಠದಲ್ಲಿ ಬೆಲೆ ಏರಿತ್ತು ಎಂಬುದು ಅದೇ ಬೀದಿಯಲ್ಲಿ ಮನೆ ಮಾಡಿಕೊಂಡಿರುವ ಕಾಪಿರೈಟರಿಗೆ, ಕರಪತ್ರ ಅಚ್ಚು ಹಾಕುವ ಪ್ರೆಸ್ಸಿನವನಿಗೆ, ಫ್ಲೆಕ್ಸ್ ಕಟ್ಟುವ ಹುಡುಗನಿಗೆ ಮೊದಲಿನಿಂದಲೂ ಗೊತ್ತು.